ಒಳ್ಳೆಯ ರೋಗಿ, ನಂಬಲಾಗದ ಪರೀಕ್ಷಕ: ಓಇಟಿ ಮಾತಿನ ಪರೀಕ್ಷೆಗೆ ಚಾಟ್‌ಬಾಟ್ ಅಭ್ಯಾಸ

ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳ ಆಸ್ಪತ್ರೆಗಳಿಗೆ ಹೊರಡುವ ನರ್ಸ್‌ಗಳಲ್ಲಿ ಬಹಳ ಮಂದಿ ಬರೆಯುವ ಓಇಟಿ, ಅಂದರೆ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್, ನಾಲ್ಕು ಭಾಗಗಳ ಪರೀಕ್ಷೆ. ಕೇಳುವುದು, ಓದುವುದು, ಬರೆಯುವುದು ಈ ಮೂರನ್ನೂ ಪುಸ್ತಕ ಮತ್ತು ಇಯರ್‌ಫೋನ್ ಇಟ್ಟುಕೊಂಡು ಒಬ್ಬರೇ ಕುಳಿತು ಅಭ್ಯಾಸ ಮಾಡಬಹುದು. ಮಾತಿನ ಭಾಗಕ್ಕೆ ಮಾತ್ರ ಎದುರಿಗೆ ಇನ್ನೊಬ್ಬರು ಬೇಕು. ಪಾಳಿಯ ಮೇಲೆ ದುಡಿಯುವ ಸ್ಟಾಫ್ ನರ್ಸ್‌ಗೆ ಆ ಇನ್ನೊಬ್ಬರು ಸಿಗುವುದು ಕಷ್ಟ. ಹಾಸ್ಟೆಲ್ಲಿನ ಗೆಳತಿಗೆ ನೈಟ್ ಡ್ಯೂಟಿ ಇದ್ದಾಗ ಇವರಿಗೆ ಬೆಳಗಿನ ಡ್ಯೂಟಿ, ತರಬೇತಿ ಕೇಂದ್ರದಲ್ಲಿ ಒಬ್ಬೊಬ್ಬರ ಸರದಿ ಬರುವಷ್ಟರಲ್ಲಿ ತರಗತಿಯ ಹೊತ್ತೇ ಮುಗಿದಿರುತ್ತದೆ. ಹೀಗಾಗಿ ಚಾಟ್‌ಜಿಪಿಟಿ, ಜೆಮಿನಿ ಮುಂತಾದ ಧ್ವನಿ ಸೌಲಭ್ಯವಿರುವ ಚಾಟ್‌ಬಾಟ್‌ಗಳನ್ನು ರೋಗಿಯ ಪಾತ್ರಕ್ಕೆ ಕೂರಿಸಿ ಅಭ್ಯಾಸ ಮಾಡುವುದು ಈಗ ರೂಢಿಯಾಗಿದೆ. ಮಂಗಳೂರಿನಲ್ಲಿ ಇಂಥ ಅಭ್ಯರ್ಥಿಗಳಿಗೆ ಮಾತಿನ ತರಬೇತಿ ಕೊಡುವವಳಾಗಿ, ಅವರ ಜೊತೆ ಕುಳಿತು ಕೇಳಿ, ಸಂಭಾಷಣೆಗಳ ಲಿಖಿತ ರೂಪವನ್ನು ಓದಿ ನಾನು ತಲುಪಿದ ಅಭಿಪ್ರಾಯವನ್ನು ಇಲ್ಲಿ ಬರೆದಿದ್ದೇನೆ. ಯಾವ ಕಂಪನಿಯದು ಮೇಲು ಎಂಬ ಹೋಲಿಕೆಗೆ ಕೈಹಾಕುವುದಿಲ್ಲ. ಅವುಗಳ ಆವೃತ್ತಿಗಳು ಆಗಾಗ ಬದಲಾಗುತ್ತವೆ, ನಾನು ಹೇಳಲಿರುವ ಗುಣದೋಷಗಳಾದರೋ ಹೆಚ್ಚುಕಡಿಮೆ ಎಲ್ಲಕ್ಕೂ ಸಮಾನ.

ಸಾಧನದ ಬೆಲೆ ಕಟ್ಟಬೇಕಾದರೆ ಪರೀಕ್ಷೆ ಏನು ಕೇಳುತ್ತದೆ ಎಂಬುದು ಗೊತ್ತಿರಬೇಕು. ಮಾತಿನ ಭಾಗ ಸುಮಾರು 20 ನಿಮಿಷಗಳದು. ಅಂಕಕ್ಕೆ ಸೇರದ ಒಂದು ಸಣ್ಣ ಪರಿಚಯದ ಮಾತುಕತೆಯ ನಂತರ ಎರಡು ರೋಲ್‌ಪ್ಲೇ; ಒಂದೊಂದಕ್ಕೂ ಸನ್ನಿವೇಶ ಬರೆದಿರುವ ಕಾರ್ಡ್ ಓದಿ ಸಿದ್ಧರಾಗಲು 3 ನಿಮಿಷ, ಮಾತಿಗೆ 5 ನಿಮಿಷ. ಅಭ್ಯರ್ಥಿ ನರ್ಸ್ ಆಗಿಯೇ ಇರುತ್ತಾರೆ, ಎದುರಿಗಿರುವ ಇಂಟರ್‌ಲೊಕ್ಯೂಟರ್ ರೋಗಿ ಅಥವಾ ರೋಗಿಯ ಕಡೆಯವರಾಗುತ್ತಾರೆ. ಇಂಟರ್‌ಲೊಕ್ಯೂಟರ್ ಅಂಕ ಕೊಡುವುದಿಲ್ಲ. ಧ್ವನಿಮುದ್ರಣವನ್ನು ಬೇರೆ ಮೌಲ್ಯಮಾಪಕರು ಕೇಳಿ ಅಂಕ ಹಾಕುತ್ತಾರೆ. ಭಾಷೆಗೆ ಸಂಬಂಧಿಸಿದ ನಾಲ್ಕು ಮಾನದಂಡಗಳಿಗೆ ತಲಾ 6 ಅಂಕ, 2018ರ ಸೆಪ್ಟೆಂಬರ್‌ನಲ್ಲಿ ಸೇರಿಸಿದ ರೋಗಿಯೊಡನೆಯ ಸಂವಹನದ ಐದು ಮಾನದಂಡಗಳಿಗೆ ತಲಾ 3 ಅಂಕ. ಕೊನೆಗೆ ಫಲಿತಾಂಶ 0ಯಿಂದ 500ರ ಅಳತೆಯಲ್ಲಿ ಬರುತ್ತದೆ. 2017ರಿಂದ ಈ ಪರೀಕ್ಷೆಯನ್ನು ಒಪ್ಪಿಕೊಂಡಿರುವ ಬ್ರಿಟನ್ನಿನಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ ಮಾತಿನಲ್ಲಿ 350 ಬೇಕು. ಬರವಣಿಗೆಗೆ 300 ಸಾಕೆನ್ನುವ ರಿಯಾಯಿತಿ ಮಾತಿಗೆ ಇಲ್ಲ. ವೈದ್ಯಕೀಯ ಜ್ಞಾನ ಇಲ್ಲಿ ಪರೀಕ್ಷೆಯ ವಸ್ತುವಲ್ಲ. ಹತ್ತು ವರ್ಷ ಐಸಿಯುನಲ್ಲಿ ದುಡಿದ ನರ್ಸ್‌ಗೆ 330 ಬಂದು, ಹೊಸದಾಗಿ ಕೋರ್ಸ್ ಮುಗಿಸಿದ ಹುಡುಗಿಗೆ 370 ಬರುವುದು ಈ ಕಾರಣಕ್ಕೇ.

ಚಾಟ್‌ಬಾಟ್‌ನ ನಿಜವಾದ ಉಪಕಾರ ಸಂವಹನದ ಆ ಐದು ಮಾನದಂಡಗಳ ವಿಷಯದಲ್ಲಿದೆ ಎಂಬುದು ನನ್ನ ಅನುಭವ. ನಮ್ಮ ವಾರ್ಡುಗಳಲ್ಲಿ ನರ್ಸ್‌ಗೆ ಕುಳಿತು ಮಾತನಾಡುವ ಪುರುಸೊತ್ತು ಎಲ್ಲಿದೆ? ಡ್ರಿಪ್ ಬದಲಿಸುತ್ತಲೇ ‘ಏನೂ ಆಗಲ್ಲ ಅಜ್ಜಿ, ಹೆದರ್ಬೇಡಿ’ ಎಂದು ಮುಂದಿನ ಹಾಸಿಗೆಗೆ ಹೋಗುತ್ತೇವೆ. ಇಲ್ಲಿ ಅದು ಅಕ್ಕರೆಯ ಮಾತು. ಅದನ್ನೇ ‘ಡೋಂಟ್ ವರಿ, ನಥಿಂಗ್ ವಿಲ್ ಹ್ಯಾಪನ್’ ಎಂದು ಪರೀಕ್ಷೆಯಲ್ಲಿ ಹೇಳಿದರೆ ರೋಗಿಯ ಆತಂಕವನ್ನು ಕೇಳಿಸಿಕೊಳ್ಳದೆ ಬಾಯಿ ಮುಚ್ಚಿಸಿದಂತಾಗುತ್ತದೆ. ಮೌಲ್ಯಮಾಪನದ ಸೂಚಿಗಳಲ್ಲಿ ಮೊದಲು ರೋಗಿಗೆ ಏನು ಗೊತ್ತಿದೆ ಎಂದು ಕೇಳಿಕೊಳ್ಳುವುದು, ಮಾಹಿತಿಯನ್ನು ತುಂಡುತುಂಡಾಗಿ ಕೊಟ್ಟು ನಡುವೆ ನಿಲ್ಲಿಸುವುದು, ಅರ್ಥವಾಯಿತೇ ಎಂದು ಪರಿಶೀಲಿಸುವುದು, ಆರಂಭದಲ್ಲಿ ಮುಕ್ತ ಪ್ರಶ್ನೆ ಕೇಳಿ ಆಮೇಲೆ ಹೌದು-ಅಲ್ಲ ಎಂಬ ಪ್ರಶ್ನೆಗಳಿಗೆ ಇಳಿಯುವುದು ಇವೆಲ್ಲ ಸ್ಪಷ್ಟವಾಗಿವೆ. ಇವು ಓದಿ ಬರುವಂಥವಲ್ಲ, ಬಾಯಿಗೆ ರೂಢಿಯಾಗಬೇಕಾದವು. ರೂಢಿಯಾಗಲು ಬೇಕಾದಷ್ಟು ಸಲ, ರಾತ್ರಿ ಹತ್ತಕ್ಕಾದರೂ ಬೇಸರಿಸದೆ, ನಗದೆ, ಅದೇ ಸನ್ನಿವೇಶವನ್ನು ಮತ್ತೆ ಆಡುವ ಎದುರಾಳಿ ಮನುಷ್ಯರಲ್ಲಿ ಸಿಗುವುದು ದುರ್ಲಭ. ತಪ್ಪು ಇಂಗ್ಲಿಷ್ ಆಡಿದರೆ ಯಾರಾದರೂ ನಕ್ಕಾರು ಎಂಬ ಅಳುಕಿನಿಂದಲೇ ತರಗತಿಯಲ್ಲಿ ಬಾಯಿ ಬಿಡದ ಅಭ್ಯರ್ಥಿಗಳು ಯಂತ್ರದ ಮುಂದೆ ಸರಾಗವಾಗಿ ಮಾತನಾಡುವುದನ್ನು ನಾನು ಕಂಡಿದ್ದೇನೆ.

ಆದರೆ ಏನನ್ನೂ ವಿಧಿಸದೆ ‘ಓಇಟಿ ರೋಗಿಯಾಗು’ ಎಂದಷ್ಟೇ ಹೇಳಿದರೆ ಸಿಗುವ ರೋಗಿ ಅತಿ ಸಾಧು. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಆಗಿ, ವಾಕರ್ ಹಿಡಿದು ನಡೆಯಲು ಒಪ್ಪದ, ಮನೆಗೆ ಹೋಗಲೇಬೇಕೆಂದು ಹಟ ಹಿಡಿದ ವೃದ್ಧರ ಪಾತ್ರವನ್ನು ಕೊಟ್ಟು ನೋಡಿ. ನರ್ಸ್ ಒಂದು ಸಲ ‘ಐ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್’ ಎಂದರೆ ಸಾಕು, ವೃದ್ಧರು ಕೃತಜ್ಞತೆಯಿಂದ ಕರಗಿ ವಾಕರ್ ಕೇಳಿ ಪಡೆಯುತ್ತಾರೆ. ಪರೀಕ್ಷೆಯಲ್ಲಿ ಇಂಟರ್‌ಲೊಕ್ಯೂಟರ್ ಕೈಯಲ್ಲಿರುವ ಕಾರ್ಡಿನಲ್ಲಿ ಎಲ್ಲಿ ಒಪ್ಪಬಾರದು, ಎಲ್ಲಿ ಆತಂಕ ತೋರಬೇಕು ಎಂಬ ಸೂಚನೆಗಳಿರುತ್ತವೆ. ಆ ಪ್ರತಿರೋಧವನ್ನು ದಾಟುವಾಗಲೇ ಅಭ್ಯರ್ಥಿಯ ಭಾಷೆ ಬಯಲಾಗುವುದು. ಇನ್ನೊಂದು ತೊಂದರೆಯೆಂದರೆ, ಯಂತ್ರದ ರೋಗಿ ಮೊದಲ ಮಾತಿನಲ್ಲೇ ನೋವು, ಭಯ, ಮನೆಯ ಪರಿಸ್ಥಿತಿ, ಹೆಂಡತಿಯ ಕಾಯಿಲೆ ಎಲ್ಲವನ್ನೂ ಒಟ್ಟಿಗೆ ಸುರಿದುಬಿಡುತ್ತಾನೆ. ಹೀಗಾದರೆ ಕೆದಕಿ ಕೇಳುವ ಕೌಶಲಕ್ಕೆ ಕೆಲಸವೇ ಇಲ್ಲ.

ಇದಕ್ಕೆ ಪರಿಹಾರ ಇದೆ, ಅದು ನಾವು ಕೊಡುವ ಸೂಚನೆಯಲ್ಲಿದೆ. ರೋಗಿಯ ಪಾತ್ರ ಮಾಡುವ ಯಂತ್ರಕ್ಕೆ ಅಭ್ಯರ್ಥಿ ಹೀಗೆ ಹೇಳಬೇಕು: ಒಂದು ಸಲಕ್ಕೆ ಎರಡು ವಾಕ್ಯ ಮೀರಬಾರದು. ಕೇಳದ ಹೊರತು ಏನನ್ನೂ ಹೇಳಬಾರದು. ಹೆಂಡತಿಯ ವಿಷಯವನ್ನು, ಮನೆಯ ಬಗ್ಗೆ ನಾನು ಮುಕ್ತ ಪ್ರಶ್ನೆ ಕೇಳಿದರೆ ಮಾತ್ರ ಬಿಟ್ಟುಕೊಡಬೇಕು. ಕನಿಷ್ಠ ಎರಡು ಸಲ ನಿರಾಕರಿಸಬೇಕು. ನಾನು ಕಷ್ಟದ ವೈದ್ಯಕೀಯ ಪದ ಬಳಸಿದರೆ ಅರ್ಥವಾಗಲಿಲ್ಲ ಎನ್ನಬೇಕು. ನಾನು ‘ಮುಗಿಯಿತು’ ಎನ್ನುವವರೆಗೆ ತಿದ್ದುವುದಾಗಲಿ ಹೊಗಳುವುದಾಗಲಿ ಕೂಡದು. ಈ ಸೂಚನೆಯನ್ನು ಕನ್ನಡದಲ್ಲೇ ಕೊಡಬಹುದು, ಯಂತ್ರಕ್ಕೆ ಚೆನ್ನಾಗಿ ತಿಳಿಯುತ್ತದೆ. ಸಂಭಾಷಣೆ ಮಾತ್ರ ಇಂಗ್ಲಿಷಿನಲ್ಲಿರಲಿ ಎಂದು ಸೇರಿಸಿದರಾಯಿತು. ಇಷ್ಟು ಮಾಡಿದ ಮೇಲೆ ಅದೇ ವೃದ್ಧರು ಬೇರೆಯೇ ಆಗುತ್ತಾರೆ. ‘ನನ್ನ ಅಪ್ಪ ವಾಕರ್ ಹಿಡಿದ ವರ್ಷವೇ ಹೋಗಿಬಿಟ್ಟ’ ಎಂಬಂಥ ಮಾತೊಂದು ಇಂಗ್ಲಿಷಿನಲ್ಲಿ ಎದುರಾದಾಗ ಅಭ್ಯರ್ಥಿ ಬಾಯಿಪಾಠ ಮಾಡಿಕೊಂಡ ಸಹಾನುಭೂತಿಯ ವಾಕ್ಯ ಕೆಲಸಕ್ಕೆ ಬರುವುದಿಲ್ಲ. ನಿಂತು, ಕೇಳಿ, ಆ ಮಾತಿಗೇ ಉತ್ತರ ಕೊಡಬೇಕಾಗುತ್ತದೆ. ಮಾತು ಉದ್ದವಾದಂತೆ ಯಂತ್ರ ಮತ್ತೆ ತನ್ನ ಮೃದು ಸ್ವಭಾವಕ್ಕೆ ಜಾರುತ್ತದೆ ಎಂಬುದು ನೆನಪಿರಲಿ. ಐದು ನಿಮಿಷಕ್ಕೆ ನಿಲ್ಲಿಸಿ ಹೊಸ ಸಂಭಾಷಣೆ ಆರಂಭಿಸುವುದು ಉತ್ತಮ. ಸಮಯ ನೋಡುವ ಕೆಲಸವನ್ನೂ ಅದಕ್ಕೆ ವಹಿಸಬಾರದು, ಫೋನಿನ ಟೈಮರ್ ಇಟ್ಟುಕೊಳ್ಳಬೇಕು.

ಧ್ವನಿಯಲ್ಲಿ ಮಾತನಾಡುವಾಗಿನ ಒಂದು ಕಿರಿಕಿರಿಯನ್ನು ಹೇಳಲೇಬೇಕು. ಅಭ್ಯರ್ಥಿ ಪದಕ್ಕಾಗಿ ಒಂದೆರಡು ಕ್ಷಣ ತಡೆದರೆ ಮಾತು ಮುಗಿಯಿತೆಂದು ತಿಳಿದು ಯಂತ್ರ ಆರಂಭಿಸಿಬಿಡುತ್ತದೆ. ಅದಕ್ಕೆ ಹೆದರಿ ಕೆಲವರು ಉಸಿರು ಬಿಡದೆ ಓಡುವ ಅಭ್ಯಾಸ ಮಾಡಿಕೊಳ್ಳುತ್ತಾರೆ, ನಡುನಡುವೆ ನಿಲ್ಲಿಸುವುದಕ್ಕೇ ಅಂಕವಿರುವ ಪರೀಕ್ಷೆಯಲ್ಲಿ ಇದು ನೇರ ನಷ್ಟ. ಗುಂಡಿ ಒತ್ತಿದಾಗಷ್ಟೇ ಕೇಳಿಸಿಕೊಳ್ಳುವ ಅಥವಾ ಮಾತನ್ನು ಅಕ್ಷರಕ್ಕಿಳಿಸಿ ಕಳುಹಿಸುವ ಸೌಲಭ್ಯವಿದ್ದರೆ ಅದನ್ನು ಬಳಸುವುದು ಮೇಲು.

ಉಚ್ಚಾರಣೆಯ ವಿಷಯದಲ್ಲಂತೂ ನಾನು ಈ ಸಾಧನವನ್ನು ಶಿಫಾರಸು ಮಾಡುವುದಿಲ್ಲ. ಪರೀಕ್ಷೆ ಯಾರ ಧಾಟಿಯನ್ನೂ ಬದಲಿಸಲು ಹೇಳುವುದಿಲ್ಲ. ಕೇಳುವವರಿಗೆ ಶ್ರಮವಿಲ್ಲದೆ ತಿಳಿಯಬೇಕು, ಅಷ್ಟೇ. ಆದರೆ ಕನ್ನಡಿಗರ ಇಂಗ್ಲಿಷಿಗೆ ಕೆಲವು ಸ್ವಂತ ತೊಡಕುಗಳಿವೆ. ಪದದ ಕೊನೆಗೆ ಸ್ವರ ಸೇರಿ ಬೆಡ್ ಎಂಬುದು ‘ಬೆಡ್ಡು’ ಆಗುತ್ತದೆ, ಎಕಾರದಿಂದ ಆರಂಭವಾಗುವ ಪದಕ್ಕೆ ಯಕಾರ ಅಂಟಿ ‘ಯೆಕ್ಸರ್ಸೈಜು’ ಆಗುತ್ತದೆ, ಎಲ್ಲ ಅಕ್ಷರಗಳ ಮೇಲೂ ಒಂದೇ ತೂಕ ಬಿದ್ದು ಔಷಧಗಳ ಹೆಸರು ಗುರುತು ಸಿಗದಂತಾಗುತ್ತದೆ. ಬೇರೆ ದೇಶದ ವೃದ್ಧ ರೋಗಿ ಇಲ್ಲಿ ತಡವರಿಸುತ್ತಾರೆ. ಯಂತ್ರ ತಡವರಿಸುವುದಿಲ್ಲ, ನಾನಾ ಬಗೆಯ ಇಂಗ್ಲಿಷನ್ನು ಸಂದರ್ಭದಿಂದ ಊಹಿಸಿ ಅರ್ಥ ಮಾಡಿಕೊಳ್ಳುವುದರಲ್ಲಿ ಅದು ಪಳಗಿದೆ, ನಮ್ಮ ತೊದಲನ್ನು ತಾನೇ ಸರಿಪಡಿಸಿ ಶುದ್ಧ ವಾಕ್ಯವಾಗಿ ಬರೆದು ತೋರಿಸುತ್ತದೆ. ಅದನ್ನು ಓದಿ ‘ಎಲ್ಲ ಸರಿಯಾಗಿಯೇ ಹೇಳಿದ್ದೇನೆ’ ಎಂದು ಅಭ್ಯರ್ಥಿ ನಂಬಿದರೆ ತಪ್ಪು ಅವರದಲ್ಲ. ‘ನನ್ನ ಉಚ್ಚಾರಣೆ ಹೇಗಿದೆ’ ಎಂದು ಕೇಳಿದರೆ ಬರುವ ಮೆಚ್ಚುಗೆಯನ್ನು ಪಕ್ಕಕ್ಕಿಟ್ಟು, ತಮ್ಮ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ನರ್ಸಿಂಗ್ ಗೊತ್ತಿಲ್ಲದ ಒಬ್ಬರಿಗೆ ಕೇಳಿಸುವುದು ಹೆಚ್ಚು ಪ್ರಯೋಜನಕಾರಿ.

ಅಂಕ ಕೊಡುವುದರಲ್ಲೂ ಇದೇ ಧಾರಾಳ. ಒಂದೇ ಸಂಭಾಷಣೆಯನ್ನು ಎರಡು ಸಲ ಕೊಟ್ಟರೆ ಎರಡು ಬೇರೆ ಅಂಕಗಳು ಬರುವುದುಂಟು, ಐಇಎಲ್‌ಟಿಎಸ್ ಎಂಬ ಬೇರೊಂದು ಇಂಗ್ಲಿಷ್ ಪರೀಕ್ಷೆಯ ಅಂಕಶ್ರೇಣಿಗಳಾದ ಬ್ಯಾಂಡ್‌ಗಳನ್ನು ಓಇಟಿಗೆ ಬೆರೆಸುವುದೂ ಉಂಟು. ಹಾಗೆಂದು ಮಾತು ಮುಗಿದ ನಂತರದ ವಿಶ್ಲೇಷಣೆ ನಿರುಪಯುಕ್ತವಲ್ಲ. ಕೇಳುವ ಪ್ರಶ್ನೆ ಬೇರೆಯಾಗಬೇಕು. ನನಗೆಷ್ಟು ಅಂಕ ಎಂದು ಕೇಳುವ ಬದಲು, ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಿದ ಜಾಗಗಳನ್ನೆಲ್ಲ ಎತ್ತಿ ತೋರಿಸು, ರೋಗಿ ಆತಂಕ ಸೂಚಿಸಿದ ಪ್ರತಿಯೊಂದು ಮಾತಿನ ಪಕ್ಕದಲ್ಲಿ ನಾನು ಕೊಟ್ಟ ಉತ್ತರವನ್ನು ಬರೆ, ‘ಯೂ ಮಸ್ಟ್’ ಎಂದು ಆಜ್ಞೆ ಮಾಡಿದ ವಾಕ್ಯಗಳನ್ನು ಪಟ್ಟಿ ಮಾಡಿ ಅವು ಏಕೆ ಒರಟು ಎಂದು ಕನ್ನಡದಲ್ಲಿ ವಿವರಿಸು ಎಂದು ಕೇಳಬೇಕು. ಅಭಿಪ್ರಾಯದ ಬದಲು ಹುಡುಕಿ ತೆಗೆಯುವ ಕೆಲಸ ಕೊಟ್ಟಾಗ ಯಂತ್ರ ನಂಬಿಕಸ್ಥವಾಗಿರುತ್ತದೆ. ನನ್ನ ತರಗತಿಯಲ್ಲಿ ಇಡೀ ಸಾಧನದ ಅತ್ಯುತ್ತಮ ಉಪಯೋಗ ಇದೇ ಎನಿಸಿದೆ, ಏಕೆಂದರೆ ಐದು ನಿಮಿಷದ ಮಾತನ್ನು ಹೀಗೆ ವಾಕ್ಯವಾಕ್ಯವಾಗಿ ಬಿಡಿಸಿ ನೋಡಲು ಶಿಕ್ಷಕರಿಗೆ ಪ್ರತಿಯೊಬ್ಬರ ವಿಷಯದಲ್ಲೂ ಸಮಯವಿರುವುದಿಲ್ಲ.

ಬ್ರಿಟನ್ನಿನ ಜನಸಾಮಾನ್ಯರ ಪದಗಳ ಪರಿಚಯಕ್ಕೂ ಇದು ಒಳ್ಳೆಯದು. ಹೊಟ್ಟೆಗೆ ಟಮ್ಮಿ, ಚುಚ್ಚುಮದ್ದಿಗೆ ಜ್ಯಾಬ್, ನಾವು ಬ್ಯಾಂಡೇಡ್ ಎನ್ನುವುದಕ್ಕೆ ಪ್ಲಾಸ್ಟರ್ ಎನ್ನುವ ರೋಗಿಯನ್ನು ಕೇಳಿ ಪಡೆಯಬಹುದು. ಹೊಸ ಕಾರ್ಡುಗಳನ್ನು ಸೃಷ್ಟಿಸಿಕೊಡುವುದರಲ್ಲಿ ಮಾತ್ರ ಅಷ್ಟು ಮೆಚ್ಚುಗೆ ಇಲ್ಲ, ಅವು ಬೇಗ ಒಂದೇ ಅಚ್ಚಿನವಾಗುತ್ತವೆ. ಓಇಟಿ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುವ ಮಾದರಿ ಕಾರ್ಡುಗಳಿಂದ ಆರಂಭಿಸುವುದು ಸುರಕ್ಷಿತ. ಇನ್ನು ತಮ್ಮ ವಾರ್ಡಿನ ನಿಜವಾದ ರೋಗಿಯ ಹೆಸರು, ಕಾಯಿಲೆ, ಕೇಸ್ ಶೀಟಿನ ವಿವರಗಳನ್ನು ಸನ್ನಿವೇಶವೆಂದು ಯಂತ್ರಕ್ಕೆ ಕೊಡುವುದು ಸರ್ವಥಾ ಸಲ್ಲದು. ಕಲಿಕೆಗಾಗಿ ಎಂಬುದು ಅದಕ್ಕೆ ಸಮರ್ಥನೆಯಾಗದು.

ಖರ್ಚಿನ ಮಾತು. ಖಾಸಗಿ ಆಸ್ಪತ್ರೆಗಳ ಎಷ್ಟೋ ಸ್ಟಾಫ್ ನರ್ಸ್‌ಗಳ ಒಂದು ತಿಂಗಳ ಸಂಬಳ ಈ ಪರೀಕ್ಷೆಯ ಶುಲ್ಕಕ್ಕೇ ಸಾಲದು, ಮರುಪರೀಕ್ಷೆ ಅಂದರೆ ಮನೆಯವರೆದುರು ಮತ್ತೊಮ್ಮೆ ಕೈಚಾಚುವುದು. ಅಂಥವರಿಗೆ ಚಾಟ್‌ಬಾಟ್‌ಗಳ ಉಚಿತ ಆವೃತ್ತಿಯೇ ಸಾಕು. ದಿನಕ್ಕೆ ಎರಡು ರೋಲ್‌ಪ್ಲೇ ಮತ್ತು ಅದರ ವಿಶ್ಲೇಷಣೆಗೆ ಅದರ ಮಿತಿ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ತಿಂಗಳ ಚಂದಾ ಕಟ್ಟುವ ಮೊದಲು ಆ ಹಣದಲ್ಲಿ ಅನುಭವಿ ಶಿಕ್ಷಕರೊಡನೆ ಒಂದೆರಡು ಅಣಕು ಪರೀಕ್ಷೆ ಸಿಗುವುದೇ ಎಂದು ವಿಚಾರಿಸಲಿ. ಮೊದಲ ಸಲ ಬರೆಯುವವರಿಗೆ, ಬಾಯಿ ಬಿಡಲು ಅಳುಕುವವರಿಗೆ ಇದನ್ನು ಧಾರಾಳವಾಗಿ ಹೇಳುತ್ತೇನೆ. ಈಗಾಗಲೇ 330, 340ರಲ್ಲಿ ಸಿಕ್ಕಿಕೊಂಡವರಿಗೆ ಅಷ್ಟು ಉತ್ಸಾಹದಿಂದ ಹೇಳಲಾರೆ. ಅವರ ಕೊರತೆ ಉಚ್ಚಾರಣೆಯಲ್ಲೋ ಮಾತಿನ ಓಟದಲ್ಲೋ ಇದ್ದರೆ ಅದನ್ನು ಪತ್ತೆ ಹಚ್ಚಲು ಮನುಷ್ಯರ ಕಿವಿಯೇ ಬೇಕು, ಮತ್ತು ಆ ಕಿವಿ ದಾಕ್ಷಿಣ್ಯದ ಗೆಳತಿಯದಾಗಿರಬಾರದು.