ಫೋನೊ ಪ್ರೀಆಂಪ್ ಕಿಟ್ ಕೊಳ್ಳುವವರ ಗಮನಕ್ಕೆ: ಶಾರ್ಟ್ ಆದ ಪವರ್ ಸಪ್ಲೈ, ನಕಲಿ ಐಸಿ

ಎಲ್‌ಪಿ ರೆಕಾರ್ಡುಗಳಿಗಾಗಿ ಫೋನೊ ಪ್ರೀಆಂಪನ್ನು (ಟರ್ನ್‌ಟೇಬಲ್‌ನ ಕ್ಷೀಣ ಸಿಗ್ನಲನ್ನು ವರ್ಧಿಸುವ ಸಾಧನವನ್ನು) ಮನೆಯಲ್ಲೇ ಕಟ್ಟಿಕೊಳ್ಳಲು ಹೊರಟವರು, ಟ್ರಾನ್ಸ್‌ಫಾರ್ಮರ್, ಬೋರ್ಡು, ಲೋಹದ ಪೆಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಕೊಡುವ ಅಗ್ಗದ ಕಿಟ್‌ಗಳ ವಿಷಯದಲ್ಲಿ ಬಹಳ ಎಚ್ಚರದಿಂದಿರಬೇಕು. ನಾನು ಆನ್‌ಲೈನ್‌ನಲ್ಲಿ ತರಿಸಿಕೊಂಡ ಅಂಥದೊಂದು ಕಿಟ್‌ನಲ್ಲಿ ಐಸಿ ನಕಲಿಯಾಗಿತ್ತು, ಕೆಪಾಸಿಟರುಗಳು ಆ ಕೆಲಸಕ್ಕೆ ಒಗ್ಗುವಂಥವಾಗಿರಲಿಲ್ಲ, ಇನ್ನು ಮಾರಾಟಗಾರರೇ ಜೋಡಿಸಿ ಕಳುಹಿಸಿದ್ದ ಪವರ್ ಸಪ್ಲೈ ಬೋರ್ಡಂತೂ ಮೊದಲೇ ಶಾರ್ಟ್ ಆಗಿತ್ತು. ಸದ್ದು ಕೆಟ್ಟದಾಗಿದ್ದರೆ ದುಡ್ಡು ಹೋಯಿತೆಂದು ಸುಮ್ಮನಾಗಬಹುದಿತ್ತು. ಇಲ್ಲಿ ಜೀವಕ್ಕೇ ಅಪಾಯವಿದ್ದುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಆ ಪವರ್ ಸಪ್ಲೈ ಹೊಸತೇನಲ್ಲ: 12-0-12 ಟ್ರಾನ್ಸ್‌ಫಾರ್ಮರ್, ಡಯೋಡ್ ಬ್ರಿಡ್ಜ್, ಪ್ಲಸ್ 12 ವೋಲ್ಟಿಗೆ 7812, ಮೈನಸ್ 12 ವೋಲ್ಟಿಗೆ 7912. ವೋಲ್ಟೇಜನ್ನು ಸ್ಥಿರವಾಗಿಡುವ ಈ ಎರಡು ರೆಗ್ಯುಲೇಟರುಗಳು ನೋಡಲು ಅವಳಿಗಳಂತಿದ್ದರೂ ಅವುಗಳ ಬೆನ್ನಿಗಿರುವ ಲೋಹದ ತಗಡಿನ ಸಂಪರ್ಕ ಒಂದೇ ಅಲ್ಲ. 7812ರ ತಗಡು ಗ್ರೌಂಡಿಗೆ ಸೇರಿರುತ್ತದೆ. 7912ರ ತಗಡು ಅದರ ಇನ್‌ಪುಟ್ಟಿಗೆ, ಅಂದರೆ ರೆಗ್ಯುಲೇಟ್ ಆಗದ ಮೈನಸ್ ವೋಲ್ಟೇಜಿಗೆ ಸೇರಿರುತ್ತದೆ. ಎರಡನ್ನೂ ಒಂದೇ ಹೀಟ್‌ಸಿಂಕ್‌ಗೆ (ಶಾಖ ಹೊರಹಾಕುವ ಲೋಹದ ತುಂಡಿಗೆ) ಬಿಗಿಯಬೇಕೆಂದರೆ ಕನಿಷ್ಠ 7912ರ ಅಡಿಯಲ್ಲಿ ಕರೆಂಟು ಹರಿಯಗೊಡದ ಮೈಕಾ ಹಾಳೆಯನ್ನೂ ಅದರ ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್ಷನ್ನೂ ಹಾಕಲೇಬೇಕು. ನನಗೆ ಬಂದ ಬೋರ್ಡಿನಲ್ಲಿ ಎರಡನ್ನೂ ಅಲ್ಯುಮಿನಿಯಂ ತುಂಡಿಗೆ ನೇರವಾಗಿ ಬಿಗಿದಿದ್ದರು, ಮಧ್ಯದಲ್ಲಿ ಏನೂ ಇರಲಿಲ್ಲ. ಮೈಕಾ, ಬುಷ್, ಸ್ಕ್ರೂ ಸೇರಿದ ಪೊಟ್ಟಣ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಪುಡಿಗಾಸಿಗೆ ಸಿಗುತ್ತದೆ, ಉಳಿಸಿದ್ದು ಅಷ್ಟನ್ನೇ.

ಹೊಸದಾಗಿ ಬಂದ ಯಾವುದೇ ಸಾಮಾನನ್ನು ನಾನು ಮೊದಲು ಸೀರೀಸ್ ಬೋರ್ಡಿಗೆ (ಒಂದು ಬಲ್ಬಿನ ಮೂಲಕವೇ ಕರೆಂಟು ಕೊಡುವ ಬೋರ್ಡಿಗೆ) ಹಾಕಿ ನೋಡುವುದು ರೂಢಿ. ಕ್ಷಣ ಹೊಳೆದು ಆರಬೇಕಿದ್ದ 25 ವ್ಯಾಟಿನ ಬಲ್ಬು ಉರಿಯುತ್ತಲೇ ಉಳಿಯಿತು, ಅಂದರೆ ಒಳಗೆಲ್ಲೋ ಶಾರ್ಟ್ ಇದೆ. ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರುಗಳು ಡಿಸ್ಚಾರ್ಜ್ ಆದ ಮೇಲೆ ಮಲ್ಟಿಮೀಟರಿನಿಂದ 7912ರ ತಗಡಿಗೂ ಗ್ರೌಂಡಿಗೂ ನಡುವೆ ಅಳೆದರೆ ಸೊನ್ನೆ ಓಮ್. ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ, ಅಂದರೆ ಮೈನ್ಸ್ ಕಡೆಯಲ್ಲಿ, ಫ್ಯೂಸ್ ಇರಲಿಲ್ಲ. ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿದ್ದರೆ, ಟ್ರಾನ್ಸ್‌ಫಾರ್ಮರಿನ ಸುರುಳಿ ಕಾದು ಅದರ ಇನ್ಸುಲೇಶನ್ ಕರಗುವುದನ್ನು ತಡೆಯಲು ಆ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ.

ಇನ್ಸುಲೇಶನ್ ಹೋದರೆ ಏನಾಗುತ್ತದೆ ಎಂಬುದನ್ನು ಫೋನೊ ಪ್ರೀಆಂಪಿನ ವಿಷಯದಲ್ಲಿ ಪ್ರತ್ಯೇಕವಾಗಿ ಯೋಚಿಸಬೇಕು. ಟರ್ನ್‌ಟೇಬಲ್‌ನಿಂದ ಬರುವ ತೆಳು ಗ್ರೌಂಡ್ ವೈರನ್ನು ನಾವು ಪ್ರೀಆಂಪಿನ ಪೆಟ್ಟಿಗೆಯ ಸ್ಕ್ರೂವಿಗೆ ಕಟ್ಟುತ್ತೇವೆ. ಆ ವೈರಿನ ಇನ್ನೊಂದು ತುದಿ ಟೋನ್‌ಆರ್ಮ್‌ನ (ಮುಳ್ಳನ್ನು ಹೊತ್ತ ಕೋಲಿನ) ಲೋಹಕ್ಕೆ ಸೇರಿರುತ್ತದೆ. ಈ ಕಿಟ್‌ನಲ್ಲಿ ಕೊಟ್ಟದ್ದು ಎರಡು ಪಿನ್ನಿನ ವೈರು, ಅರ್ತಿಂಗ್ ಇಲ್ಲ. ಹಾಗಾಗಿ 230 ವೋಲ್ಟು ಪೆಟ್ಟಿಗೆಗೆ ಬಂದರೆ ಅದು ಅಲ್ಲಿಯೇ ನಿಲ್ಲದೆ, ರೆಕಾರ್ಡಿನ ಮೇಲೆ ಮುಳ್ಳನ್ನು ಇಡಲು ನಾವು ಬೆರಳಿನಿಂದ ಎತ್ತುವ ಆ ಟೋನ್‌ಆರ್ಮ್‌ವರೆಗೂ ಬರುತ್ತದೆ. ಲೋಹದ ಪೆಟ್ಟಿಗೆಯೊಳಗೆ ಮೈನ್ಸ್ ತರುವುದಾದರೆ ಮೂರು ಪಿನ್ನಿನ ವೈರು, ಪೆಟ್ಟಿಗೆಗೆ ಬಿಗಿಯಾದ ಅರ್ತ್, ಫೇಸಿನಲ್ಲಿ ಫ್ಯೂಸ್, ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಟ್ರಾನ್ಸ್‌ಫಾರ್ಮರನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ದೂರವಿಡುವುದು ಇನ್ನೂ ಉತ್ತಮ. ಅದರಿಂದ ಹಮ್ ಕೂಡ ಕಡಿಮೆಯಾಗುತ್ತದೆ: ಆರ್‌ಐಎಎ (ರೆಕಾರ್ಡು ಕೆತ್ತುವಾಗ ತಗ್ಗಿಸಿದ ಕೆಳಸ್ವರಗಳನ್ನೂ ಹೆಚ್ಚಿಸಿದ ಮೇಲ್ಸ್ವರಗಳನ್ನೂ ನುಡಿಸುವಾಗ ಸರಿದೂಗಿಸುವ ಮಾನದಂಡ) ಲೆಕ್ಕದಲ್ಲಿ 50 ಹರ್ಟ್ಜ್ ಸದ್ದು 1 ಕಿಲೋಹರ್ಟ್ಜ್ ಸದ್ದಿಗಿಂತ ಸುಮಾರು 7 ಪಟ್ಟು ಹೆಚ್ಚು ವರ್ಧನೆಯಾಗುವುದರಿಂದ, ನಮ್ಮ 50 ಹರ್ಟ್ಜ್ ಕರೆಂಟಿನ ಗುಂಯ್ ಎನ್ನುವ ಸದ್ದಿಗೆ ಈ ಸರ್ಕ್ಯೂಟಿನಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ.

ಮೈಕಾ, ಫ್ಯೂಸ್, ಅರ್ತ್ ಎಲ್ಲವನ್ನೂ ಹಾಕಿ ಕೇಳಿದಾಗ ಉಳಿದ ದೋಷಗಳು ಹೊರಬಿದ್ದವು. ವೀಣೆಯ ತಂತಿಯ ನಾದ ಕ್ಷೀಣಿಸುತ್ತಾ ಹೋಗುವ ಕಡೆಗಳಲ್ಲಿ ಒಂದು ಬಗೆಯ ಒರಟುತನ, ಹಿಂದೆ ಸದಾ ಸುಯ್ ಎನ್ನುವ ಸದ್ದು. ಸದ್ದನ್ನು ವರ್ಧಿಸುವ ಐಸಿಯ ಮೇಲೆ ಎನ್‌ಇ5532 ಎಂದು ಅಚ್ಚಾಗಿತ್ತು. ಅಸಲಿ 5532 ಸಾಮಾನ್ಯವಾಗಿ 8 ಮಿಲಿಆಂಪಿಯರ್‌ನಷ್ಟು ಕರೆಂಟು ಎಳೆಯುತ್ತದೆ. ಇದು ಎಳೆದದ್ದು 1 ಮಿಲಿಆಂಪಿಯರ್‌ಗಿಂತ ಕಡಿಮೆ. ಮಲ್ಟಿಮೀಟರ್ ಒಂದೇ ಇದ್ದವರಿಗೂ ಇನ್ನೊಂದು ಪರೀಕ್ಷೆ ಸಾಧ್ಯ. ಕಾರ್ಟ್ರಿಡ್ಜ್ (ಮುಳ್ಳಿರುವ ಭಾಗ) ಜೋಡಿಸದೆ, ಗ್ರೌಂಡಿಗೆ 47 ಕಿಲೋಓಮ್ ಇರುವ ಇನ್‌ಪುಟ್ ಪಿನ್ನಿನಲ್ಲಿ ಡಿಸಿ ಅಳೆಯಿರಿ. 5532ರ ಇನ್‌ಪುಟ್ಟಿಗೆ ಸುಮಾರು 200 ನ್ಯಾನೊಆಂಪಿಯರ್ ಒಳಕ್ಕೆ ಹರಿಯುವುದರಿಂದ ಅಲ್ಲಿ ಮೈನಸ್ 10 ಮಿಲಿವೋಲ್ಟಿನ ಆಸುಪಾಸು ಕಾಣಬೇಕು. ನನ್ನದರಲ್ಲಿ ಕಂಡದ್ದು ಪ್ಲಸ್ 1 ಮಿಲಿವೋಲ್ಟು, ಅಂದರೆ ಕರೆಂಟು ಹರಿಯುವ ದಿಕ್ಕೇ ಬೇರೆ. ಎಲ್‌ಎಂ358ರಂಥ ಯಾವುದೋ ಅಗ್ಗದ ಐಸಿಯ ಮೇಲೆ ಹೆಸರು ಬದಲಿಸಿದ್ದಾರೆಂದು ನನ್ನ ತೀರ್ಮಾನ. ಅಸಿಟೋನ್ ಅದ್ದಿದ ಹತ್ತಿಯಿಂದ ಉಜ್ಜಿದಾಗ ಮೇಲಿನ ಕಪ್ಪು ಬಣ್ಣ ಹತ್ತಿಗೆ ಅಂಟಿಕೊಂಡು, ಕೆಳಗೆ ಉಜ್ಜುಕಾಗದದ ಗೀರುಗಳು ಕಂಡವು.

ಆರ್‌ಐಎಎ ಜಾಲದಲ್ಲಿ ಹಾಕಲು ಕೊಟ್ಟದ್ದು ಸೆರಾಮಿಕ್ ಡಿಸ್ಕ್ ಕೆಪಾಸಿಟರುಗಳು, ಅವುಗಳ ಮೇಲೆ ‘ಝೆಡ್’ ಅಕ್ಷರ. ಆ ಅಕ್ಷರದ ಅರ್ಥ, ಬರೆದ ಮೌಲ್ಯಕ್ಕಿಂತ ಶೇ. 80 ಹೆಚ್ಚಿರಬಹುದು, ಶೇ. 20 ಕಡಿಮೆಯೂ ಇರಬಹುದು ಎಂದು. ಫ್ಯಾನಿನ ಸ್ಪೀಡಾದರೆ ಪರವಾಗಿಲ್ಲ, ಇಲ್ಲಿ ಆರ್‌ಐಎಎ ಗೊತ್ತುಪಡಿಸಿದ 3180, 318 ಮತ್ತು 75 ಮೈಕ್ರೊಸೆಕೆಂಡುಗಳ (ರೆಸಿಸ್ಟರ್, ಕೆಪಾಸಿಟರುಗಳ ಮೌಲ್ಯದಿಂದ ಬರುವ ಕಾಲಮಾನಗಳ) ನಿಖರ ಲೆಕ್ಕ ನಡೆಯಬೇಕು. 75 ಮೈಕ್ರೊಸೆಕೆಂಡಿನದು ಶೇ. 80 ಹೆಚ್ಚಾದರೆ 10 ಕಿಲೋಹರ್ಟ್ಜ್‌ನಲ್ಲಿ ಸುಮಾರು 5 ಡೆಸಿಬೆಲ್ ಇಳಿದು, ತಾಳ, ಮೃದಂಗದ ಚಾಪು, ಎಲ್ಲವೂ ಕಂಬಳಿಯ ಹಿಂದಿನಿಂದ ಬಂದಂತಾಗುತ್ತದೆ. ಎಡ ಬಲ ಚಾನೆಲ್‌ಗಳ ಕೆಪಾಸಿಟರುಗಳೇ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಈ ಜಾಗಕ್ಕೆ ‘ಜೆ’ ಎಂದು ಬರೆದಿರುವ, ಅಂದರೆ ಶೇ. 5ರೊಳಗಿನ ಫಿಲ್ಮ್ ಕೆಪಾಸಿಟರುಗಳನ್ನೇ ಬಳಸಿ, ಸಾಧ್ಯವಾದರೆ ಅಳೆದು ಜೋಡಿ ಮಾಡಿ.

ಮಾರಾಟಗಾರರಿಗೆ ಫೋಟೊ ಸಮೇತ ಬರೆದೆ. ಐಸಿಯ ಬದಲಿ ಕಳುಹಿಸುವುದಾಗಿ ಹೇಳಿದರು. ಶಾರ್ಟ್ ಬಗ್ಗೆ ಕೇಳಿದ್ದಕ್ಕೆ, ಮೈಕಾವನ್ನು ಗ್ರಾಹಕರೇ ಹಾಕಿಕೊಳ್ಳಬೇಕು ಎಂಬ ಉತ್ತರ ಬಂತು. ಅವರೇ ಬಿಗಿದು ಕಳುಹಿಸಿದ ಬೋರ್ಡಿಗೆ ಈ ಮಾತು! ಇಂಥ ಕಿಟ್ ಈಗಾಗಲೇ ನಿಮ್ಮ ಮನೆಯಲ್ಲಿ ಚೆನ್ನಾಗಿಯೇ ಹಾಡುತ್ತಿದ್ದರೂ, ಪ್ಲಗ್ ತೆಗೆದು ಮುಚ್ಚಳ ಬಿಚ್ಚಿ 7912ರ ಅಡಿಯಲ್ಲಿ ಮೈಕಾ ಇದೆಯೇ, ಮೈನ್ಸ್ ವೈರಿನಲ್ಲಿ ಹಸಿರು ತಂತಿ ಇದೆಯೇ, ಅದು ಪೆಟ್ಟಿಗೆಗೆ ಸೇರಿದೆಯೇ ಎಂದು ನೋಡಿ. ಇವುಗಳಲ್ಲಿ ಒಂದಿಲ್ಲದಿದ್ದರೂ, ಸರಿಪಡಿಸುವವರೆಗೆ ಅದನ್ನು ಮತ್ತೆ ಪ್ಲಗ್ಗಿಗೆ ಹಾಕಬೇಡಿ.