ಹತ್ತೇ ದಿನಕ್ಕೆ ಬೆಳ್ಳಗಾದೆ, ಅಲ್ಲೇ ಅನುಮಾನ ಬರಬೇಕಿತ್ತು

ಗದಗಿನಲ್ಲಿ ಅಕ್ಕನ ಮಗಳ ಮದುವೆ. 2 ತಿಂಗಳು ಮುಂಚೆ ನಮ್ಮ ವೈನಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಗಾಡಿಯಿಂದ ಮುಖ ಬೆಳ್ಳಗೆ ಮಾಡುವ ಕ್ರೀಮಿನ ಸಣ್ಣ ಡಬ್ಬಿ ತಂದುಕೊಟ್ಟರು. "ಬರೇ ಜೇಷ್ಠಮಧು, ಅರಿಷಿಣ ಐತಂತ. ಕೆಮಿಕಲ್ ಏನೂ ಇಲ್ಲ, ಹಚ್ಚಿ ನೋಡ" ಅಂದರು. ಮುಚ್ಚಳದ ಮೇಲೆ ಒಂದು ಎಲೆಯ ಚಿತ್ರ. ತಯಾರಿಸಿದವರ ಹೆಸರಿಲ್ಲ, ತಾರೀಖಿಲ್ಲ. ಅರಿಷಿಣ ಇದ್ದರೆ ಕ್ರೀಮು ಹಳದಿ ಇರಬೇಕಲ್ವಾ? ಇದು ಸುಣ್ಣದಷ್ಟು ಬೆಳ್ಳಗಿತ್ತು. ನನಗದು ಹೊಳೆಯಲೇ ಇಲ್ಲ.

10 ದಿನಕ್ಕೆ ಮುಖ ತಿಳಿಯಾಯಿತು. ಓಣಿಯವರೆಲ್ಲ ಕೇಳಿದರು. ಇಬ್ಬರಿಗೆ ನಾನೇ ತರಿಸಿಕೊಟ್ಟೆ, ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮದುವೆ ಮುಗಿಯಿತು, ಹಚ್ಚುವುದು ಬಿಟ್ಟೆ. ನಾಲ್ಕನೇ ದಿನ ಹಂಚಿನ ಮುಂದೆ ರೊಟ್ಟಿ ಬೇಯಿಸುವಾಗ ಕೆನ್ನೆಗೆ ಖಾರ ಸವರಿದ ಹಾಗೆ ಉರಿ. ಕನ್ನಡಿ ನೋಡಿದರೆ ಕೆನ್ನೆ ಕೆಂಪು, ಗದ್ದದ ಮೇಲೆ ಗುಳ್ಳೆ, ಕಿವಿ ಹತ್ತಿರ ಸಣ್ಣ ಕೂದಲು. ಮತ್ತೆ ಹಚ್ಚಿದೆ, ಉರಿ ಇಳಿಯಿತು. ಬಿಟ್ಟೆ, ಮತ್ತೆ ಶುರು.

ಚರ್ಮದ ಡಾಕ್ಟರು ಮುಖ ನೋಡಿದವರೇ, "ಎಷ್ಟು ದಿನದಿಂದ ಕ್ರೀಮ್ ಹಚ್ಚಾಕತ್ತೀರಿ?" ಅಂದರು. ನಾನಿನ್ನೂ ಕ್ರೀಮಿನ ಮಾತೇ ಎತ್ತಿರಲಿಲ್ಲ! ಸ್ಟಿರಾಯ್ಡ್, ಅಂದರೆ ಉರಿ-ಊತ ಇಳಿಸುವ ಔಷಧಿ, ಬೆರೆಸಿದ್ದನ್ನು ದಿನಾ ಹಚ್ಚಿದ ಮುಖ ಹೀಗೇ ಆಗುತ್ತದಂತೆ. ಚರ್ಮ ತೆಳ್ಳಗಾಗಿ ಒಳಗಿನ ರಕ್ತದ ಎಳೆಗಳು ಕಾಣುತ್ತವೆ, ಬಿಸಿಲು ತಡೆಯುವುದಿಲ್ಲ. 2018ರಲ್ಲೇ ಸರ್ಕಾರ 14 ಸ್ಟಿರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಮಾಡಿದೆ. ಗಾಡಿಯವನಿಗೆ ಯಾವ ಚೀಟಿ?

ಜೇಷ್ಠಮಧುವಿನ ಗುಣ ಸುಳ್ಳಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಈ ಬೇರಿನಲ್ಲಿರುವ ಗ್ಲಾಬ್ರಿಡಿನ್ ಅದಕ್ಕೆ ಅಡ್ಡಿ ಮಾಡುತ್ತದೆ. ಬೇರ್‌ಬೆರಿ ಎಲೆಯ ಆರ್ಬುಟಿನ್ ಕೂಡ ಹಾಗೇ. ಆದರೆ ಅವು ತಡೆಯುವುದು ಹೊಸ ಬಣ್ಣವನ್ನು. ಆಗಲೇ ಇರುವುದು ಮೇಲಿನ ಚರ್ಮದ ಜೊತೆ ಉದುರಿ ಹೋಗಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆಮೇಲೂ ಕಲೆ ಸ್ವಲ್ಪ ತಿಳಿಯಾಗಬಹುದು, ಅಷ್ಟೇ. 10 ದಿನಕ್ಕೆ ಇಡೀ ಮುಖ ಬೆಳ್ಳಗಾದರೆ ಅದು ಬೇರಿನ ಕೆಲಸ ಅಲ್ಲವೇ ಅಲ್ಲ. ಇಂಥ ಡಬ್ಬಿಗಳಿಗೆ ಪಾದರಸ ಬೆರೆಸುವವರೂ ಇದ್ದಾರೆ, ಅದು ಕಿಡ್ನಿಗೇ ಪೆಟ್ಟು.

ಮನೆಮದ್ದು ಅಂತ ಸುಮ್ನೆ ಲಿಂಬೆ ರಸ ಸವರಿಕೊಂಡು ಬಿಸಿಲಿಗೆ ಹೋಗಬೇಡಿ. ರಸ, ಬಿಸಿಲು ಎರಡೂ ಸೇರಿದರೆ ಬೊಬ್ಬೆ ಎದ್ದು ಕಪ್ಪು ಕಲೆಯೇ ಉಳಿಯಬಹುದು.

5 ತಿಂಗಳಾಯಿತು, ಕೆಂಪು ಇನ್ನೂ ಪೂರ್ತಿ ಹೋಗಿಲ್ಲ. ನಮ್ಮನೆಯಲ್ಲಿ ಈಗ ರೊಟ್ಟಿ ವೈನಿಯೇ ಬೇಯಿಸುತ್ತಾರೆ. ನೀವೂ ಅಂಥದ್ದು ಹಚ್ಚುತ್ತಿದ್ದರೆ ಡಬ್ಬಿ ಎಸೆಯಬೇಡಿ, ಡಾಕ್ಟರಿಗೆ ತೋರಿಸಲು ಒಯ್ಯಿರಿ. ಬಿಟ್ಟ ಮೇಲೆ ಉರಿ ಎದ್ದರೆ ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ.