ಸರ್ವರ್ ಮಾರುವ ಮೊದಲು ಅಳೆದು ನೋಡಿದ ಅಂಗಡಿ

ಮಂಗಳೂರಿನ ಹಂಪನಕಟ್ಟೆ ಕಡೆಯ ಒಂದು ಕಂಪ್ಯೂಟರ್ ಅಂಗಡಿಯವರಿಂದ ನಮ್ಮ ಆಫೀಸಿಗೆ ಹೊಸ ಸರ್ವರ್ (ಎಲ್ಲರ ಡೇಟಾ ಇರುವ ಮುಖ್ಯ ಕಂಪ್ಯೂಟರ್) ಹಾಕಿಸಿ ವರ್ಷ ಆಗುತ್ತಾ ಬಂತು. ಐದರಲ್ಲಿ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮದು ಬೈಕಂಪಾಡಿಯಲ್ಲಿ ಗೇರುಬೀಜದ ವ್ಯವಹಾರ. ಮೊದಲು ಬರೀ ಅಕೌಂಟ್ಸ್ ಇತ್ತು. ಆಮೇಲೆ ಸ್ಟಾಕು, ಖರೀದಿ, ಇ-ಇನ್‌ವಾಯ್ಸ್, ಸಂಬಳ ಎಲ್ಲ ಒಂದೇ ಇಆರ್‌ಪಿಗೆ (ಇಡೀ ವ್ಯವಹಾರ ನೋಡಿಕೊಳ್ಳುವ ಸಾಫ್ಟ್‌ವೇರ್) ಬಂದವು, ಹತ್ತು ಜನ ಬಳಸುತ್ತಿದ್ದ ಸಿಸ್ಟಮ್‌ಗೆ ಮೂವತ್ತು ಜನ ಆದರು. 2023ರ ಏಪ್ರಿಲ್‌ನಿಂದ ಕಂಪನಿಗಳ ಅಕೌಂಟ್ಸ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಬೇರೆ ಕಡ್ಡಾಯ ಆಯ್ತಲ್ವಾ, ಯಾರು ಯಾವ ವೋಚರ್ ತಿದ್ದಿದರೂ ಅದರ ದಾಖಲೆ ಉಳಿಯಬೇಕು, ಹಾಗಾಗಿ ಡೇಟಾಬೇಸ್ ಬೆಳೆಯುತ್ತಲೇ ಹೋಯಿತು. ಜಿಎಸ್‌ಟಿಆರ್-1 (ತಿಂಗಳ ಮಾರಾಟದ ಜಿಎಸ್‌ಟಿ ಲೆಕ್ಕ) ಸಲ್ಲಿಸುವ 11ನೇ ತಾರೀಕು ಹತ್ತಿರ ಬಂದರೆ ಸಾಕು, ರಿಪೋರ್ಟ್ ಒತ್ತಿ ಚಾ ಕುಡಿದು ಬಂದರೂ ಸ್ಕ್ರೀನ್‌ನಲ್ಲಿ ಚಕ್ರ ಸುತ್ತುತ್ತಲೇ ಇರುತ್ತಿತ್ತು.

ಬೇರೆ ಒಬ್ಬರು ಮೊದಲು ಕೊಟ್ಟ ಕೊಟೇಶನ್‌ನಲ್ಲಿ ಎರಡು ಪ್ರೊಸೆಸರ್, ಒಟ್ಟು 32 ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ). ಯಾಕೆ ಅಂತ ಕೇಳಿದರೆ "ಯೂಸರ್ ಜಾಸ್ತಿ ಅಲ್ವಾ ಸರ್". ಅಷ್ಟೇ.

ಈ ಅಂಗಡಿಯಿಂದ ಬಂದ ಹುಡುಗ ಬೆಲೆಯ ಮಾತೇ ಎತ್ತಲಿಲ್ಲ. ಹಳೆ ಸರ್ವರ್‌ನಲ್ಲಿ ವಿಂಡೋಸ್‌ನದ್ದೇ ಪರ್ಫಾರ್ಮೆನ್ಸ್ ಮಾನಿಟರ್ ಆನ್ ಮಾಡಿ, 11ನೇ ತಾರೀಕು ದಾಟುವವರೆಗೆ ಓಡಲಿ ಅಂತ ಬಿಟ್ಟು ಹೋದ. ಆಮೇಲೆ ಬಂದು ಗ್ರಾಫ್ ತೆರೆದು ತೋರಿಸಿದ. ಮಧ್ಯಾಹ್ನದ ರಶ್ಶಿನಲ್ಲೂ ಪ್ರೊಸೆಸರ್ ಗೆರೆ ತಳದಲ್ಲೇ ಇತ್ತು, ಡಿಸ್ಕ್ ಕ್ಯೂ, ಅಂದರೆ ಡಿಸ್ಕ್‌ಗಾಗಿ ಕಾಯುವ ಕೆಲಸಗಳ ಸಾಲಿನ ಗೆರೆ ಮಾತ್ರ ಮೇಲೆ ಹೋದದ್ದು ಸಂಜೆವರೆಗೂ ಇಳಿಯಲಿಲ್ಲ. ಒಳಗಿದ್ದದ್ದು 7200 ಆರ್‌ಪಿಎಂ ಹಾರ್ಡ್‌ಡಿಸ್ಕ್. ಅಲ್ಲಲ್ಲಿ ಚದುರಿದ ಡೇಟಾವನ್ನು ಅದು ಸೆಕೆಂಡಿಗೆ ನೂರು ಸಲ ಓದಿದರೆ ದೊಡ್ಡದು, ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಸಾದಾ ಎಸ್‌ಎಸ್‌ಡಿ ಸಾವಿರಗಟ್ಟಲೆ ಸಲ ಓದುತ್ತದೆ. ಇದಕ್ಕೆ ಕೋರ್ ಸೇರಿಸಿ ಎಂತ ಮಾಡುವುದು?

ಕೋರ್ ಜಾಸ್ತಿಯಾದರೆ ಲೈಸೆನ್ಸ್ ಖರ್ಚೂ ಏರುತ್ತದೆ, ಇದನ್ನು ಮೊದಲಿನವರು ಬಾಯಿಯೇ ಬಿಟ್ಟಿರಲಿಲ್ಲ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ಗೆ ಕನಿಷ್ಠ 16 ಕೋರ್‌ನ ದುಡ್ಡು ಕಟ್ಟಲೇಬೇಕು, 32 ಕೋರ್ ಹಾಕಿದರೆ ಅದರ ಡಬಲ್. ಡೇಟಾಬೇಸ್ ಓಡಿಸುವ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ ಕೋರ್ ಲೆಕ್ಕದಲ್ಲಿ ತೆಗೆದುಕೊಂಡರೆ ಪೆಟ್ಟು ಇನ್ನೂ ಜೋರು. ಅದರದ್ದೇ ಫ್ರೀ ಆವೃತ್ತಿ ಎಕ್ಸ್‌ಪ್ರೆಸ್ ಸಾಲದಾ ಅಂತ ನಮ್ಮ ಧಣಿ ಕೇಳಿದರು. 2022ರ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟುವ ಹಾಗಿಲ್ಲ, ನಮ್ಮದು ಅದಕ್ಕಿಂತ ಎಷ್ಟೋ ದೊಡ್ಡದು.

ಕೊನೆಗೆ ಹಾಕಿದ್ದು ಕ್ಲಾಕ್ ಸ್ಪೀಡ್ ಚೆನ್ನಾಗಿರುವ 8 ಕೋರ್‌ನ ಒಂದೇ ಪ್ರೊಸೆಸರ್, ತಪ್ಪನ್ನು ತಾನೇ ತಿದ್ದಿಕೊಳ್ಳುವ 64 ಜಿಬಿ ಇಸಿಸಿ ರ‍್ಯಾಮ್, ರೇಡ್ 10ರಲ್ಲಿ (ಒಂದೇ ಡೇಟಾ ಎರಡೆರಡು ಡಿಸ್ಕ್‌ನಲ್ಲಿ ಇರುವ ಜೋಡಣೆ) ನಾಲ್ಕು ಎಸ್‌ಎಸ್‌ಡಿ. ಮುಂದೆ ಬೇಕಾದರೆ ಇರಲಿ ಅಂತ ರ‍್ಯಾಮ್ ಸ್ಲಾಟ್ ಖಾಲಿ ಬಿಡಿಸಿದ. ರೇಡ್ ಅಂದರೆ ಬ್ಯಾಕಪ್ ಅಲ್ಲ ಅಂತ ಒತ್ತಿ ಹೇಳಿ, ಬ್ಯಾಕಪ್‌ಗೆ ಬೇರೆಯೇ ಬಾಕ್ಸ್ ಇಡಿಸಿದ. ಈಗ ಅದೇ ರಿಪೋರ್ಟ್ ಒತ್ತಿ ಕುರ್ಚಿ ಸರಿ ಮಾಡಿಕೊಳ್ಳುವಷ್ಟರಲ್ಲಿ ಬರುತ್ತದೆ. ಇನ್ನೊಂದು ಒಳ್ಳೆ ಕೆಲಸ: ಹಳೆ ಸರ್ವರ್ ಕಿಟಕಿ ಪಕ್ಕ, ಎಸಿಯ ಕೆಳಗೆ ಇತ್ತು. ಪಣಂಬೂರು ಕಡಲಿನ ಉಪ್ಪುಗಾಳಿ ಒಂದು ಕಡೆ, ಎಸಿಯಿಂದ ತೊಟ್ಟಿಕ್ಕುವ ನೀರು ಇನ್ನೊಂದು ಕಡೆ. ಹೊಸದನ್ನು ಒಳಗಿನ ಕೋಣೆಗೆ ಹಾಕದಿದ್ದರೆ ಇನ್‌ಸ್ಟಾಲ್ ಮಾಡುವುದೇ ಇಲ್ಲ ಅಂತ ಪಟ್ಟು ಹಿಡಿದ. ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಇಳಿದರೆ ಸರ್ವರ್ ತಾನಾಗಿ ಶಟ್‌ಡೌನ್ ಆಗುವ ಹಾಗೆ ಕೇಬಲ್ ಹಾಕಿ, ಎದುರೇ ಮೇನ್ ಆಫ್ ಮಾಡಿ ತೋರಿಸಿದ. ಮೇ ತಿಂಗಳ ಸಿಡಿಲು ಕಂಡವರಿಗೆ ಇದರ ಬೆಲೆ ಗೊತ್ತು ಮಾರಾಯ್ರೆ.

ಈಗ ಆ ಒಂದು ಸ್ಟಾರ್. ಸರ್ವರ್‌ಗೆ ಇಷ್ಟೆಲ್ಲ ಅಳೆದವರು ಟೇಬಲ್ ಮೇಲಿನ ಪಿಸಿಗಳನ್ನು ಸುಮ್ನೆ ಕಣ್ಣಂದಾಜಿನಲ್ಲಿ ಕೊಟ್ಟರು. ಎಲ್ಲರಿಗೂ ಒಂದೇ ಥರ, ಐ3, 8 ಜಿಬಿ. ಬರೀ ಬಿಲ್ಲಿಂಗ್ ಮಾಡುವವರಿಗೆ ಧಾರಾಳ ಸಾಕು. ಆದರೆ ಅಕೌಂಟ್ಸ್‌ನವರು ಕ್ರೋಮ್‌ನಲ್ಲಿ ಇಆರ್‌ಪಿ, ಜಿಎಸ್‌ಟಿ ಪೋರ್ಟಲ್, ಪಕ್ಕದಲ್ಲಿ ದೊಡ್ಡ ಎಕ್ಸೆಲ್ ಎಲ್ಲ ಒಟ್ಟಿಗೆ ತೆರೆದು ಕೂರುತ್ತಾರೆ, ಅಲ್ಲಿ 16 ಜಿಬಿ ಬೇಕೇ ಬೇಕು. ಆಮೇಲೆ ಹಾಕಿಕೊಟ್ಟರು ನಿಜ, ದುಡ್ಡು ಬೇರೆ ತೆಗೆದುಕೊಂಡರು. ಮತ್ತೆ ಮಳೆಗಾಲದಲ್ಲಿ ಸರ್ವಿಸ್‌ಗೆ ಕರೆದರೆ ಕೂಳೂರು ಸೇತುವೆಯ ಬ್ಲಾಕ್ ದಾಟಿ ಬರುವಾಗ ಅರ್ಧ ದಿನ ಹೋಗಿರುತ್ತದೆ. ಸುರತ್ಕಲ್, ಬೈಕಂಪಾಡಿ ಕಡೆಯವರು ರಿಮೋಟ್ ಸಪೋರ್ಟ್‌ಗೆ ಮೊದಲೇ ಮಾತಾಡಿಕೊಳ್ಳಿ, ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಳೆಯಲು ಕರೆಯುವುದಾದರೆ ತಿಂಗಳ ಶುರುವಿನಲ್ಲೇ ಕರೆಯಿರಿ, 20ರ ನಂತರ ಕರೆದರೆ ರಶ್ಶೆಲ್ಲ ಮುಗಿದಿರುತ್ತದೆ.